ಕಂಪನಿ ಕಚೇರಿಯ ತೊಲೆ

"ಅರಿಶಿಣ ಇನ್ನೂ ಹಳದಿ ಐತಲ್ರಿ ಸಾರ್!" ಎಂದ ಅಂಜಿನಿ.

ಇನ್‌ಸ್ಪೆಕ್ಟರ್ ಕೊಟ್ರಬಸಪ್ಪ ಏಣಿಯ ಮೇಲೆ ನಿಂತು, ಗೋಡೆಯಲ್ಲಿ ತೊಲೆಯ ತುದಿ ಕೂತಿದ್ದ ಗೂಡಿನೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಿದ್ದರು. ಹೊರಗೆ ಬಂದದ್ದು ನಿಂಬೆಹಣ್ಣಿನಷ್ಟು ದೊಡ್ಡ ಒಂದು ಬಟ್ಟೆಗಂಟು. ಹಳದಿ ಬಟ್ಟೆ. ಬಿಚ್ಚಿದರೆ ಒಳಗೆ ಒಂದು ಅರಿಶಿಣದ ಕೊಂಬು, ನಾಲ್ಕು ಕಾಳು ಜೋಳ, ಚೂರು ವಿಭೂತಿ.

ಮೊಣಕಾಲು ಚುಚ್ಚುತ್ತಿತ್ತು. ಇಳಿಯುವುದಕ್ಕೂ ಬೇಸರ, ನಿಲ್ಲುವುದಕ್ಕೂ ಬೇಸರ. ಇನ್ನು ನಿವೃತ್ತಿಯೇ ಗತಿ ಅನ್ನಿಸಿದಾಗೆಲ್ಲ ಇಂಥದ್ದೊಂದು ಕೈಗೆ ಸಿಕ್ಕಿ ಆ ಯೋಚನೆಯನ್ನು ಹಾಳು ಮಾಡುತ್ತಿತ್ತು.

"ಸರ್, ಏನದು?" ಕೆಳಗೆ ಏಣಿ ಹಿಡಿದು ನಿಂತಿದ್ದ ಸೌಂದರ್ಯ ಕೇಳಿದಳು.

ಈ ಸೋಮವಾರ ಇದೇ ರೆಕಾರ್ಡ್ ಕೋಣೆಯ ಚಾವಣಿ ಕುಸಿದು ಗುಮಾಸ್ತ ಗಾದೆಪ್ಪ ಅದರ ಅಡಿ ಸಿಕ್ಕಿದ್ದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ಲ. ಕಟ್ಟಡ ಗಟ್ಟಿಯಾಗಿದೆ ಎಂದು ಹೋದ ವರ್ಷ ಸಹಿ ಮಾಡಿದವಳು ಸಹಾಯಕ ಇಂಜಿನಿಯರ್ ಸೌಂದರ್ಯ. ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಅವಳನ್ನೇ ಬಂಧಿಸಿ ಎಂದು ಮೇಲಿಂದ ಹುಕುಂ ಆಗಿತ್ತು. ಬಂಧಿಸಬೇಕಾದವರ ಏಣಿಯನ್ನು ಬಂಧನಕ್ಕೊಳಗಾಗಬೇಕಾದವಳೇ ಹಿಡಿದುಕೊಂಡಿದ್ದಳು.

ಕೊಟ್ರಬಸಪ್ಪ ಇಳಿದು ಬಂದು, ಗಂಟನ್ನು ಅವಳ ಅಂಗೈ ಮೇಲಿಟ್ಟರು.

"ಈ ಕಟ್ಟಡ ಯಾವಾಗಿಂದಮ್ಮಾ?"

"ಕಂಪನಿ ಕಾಲದ್ದು ಸರ್. ನಿಜಾಮ ಈ ಸೀಮಿನೆಲ್ಲ ಕಂಪನಿಗೆ ಬಿಟ್ಟುಕೊಟ್ಟ ಮ್ಯಾಲೆ ಕಂದಾಯ ಹಾಕಾಕ ಒಂದು ಜಾಗ ಬೇಕಾಗಿತ್ತಲ್ಲ, ಅದಕ್ಕ ಕಟ್ಟಿದ್ದು." ಅವಳ ದಣಿದ ಮುಖದಲ್ಲಿ ಇದ್ದಕ್ಕಿದ್ದಂತೆ ಜೀವ ಬಂತು. "ಕಲ್ಲು ಇಲ್ಲೇ ಗುಡ್ಡದ್ದು. ಗಾರಿಗೆ ಬೆಲ್ಲದ ನೀರು, ಅಳಲೆಕಾಯಿ ರಸ ಹಾಕಿ ಅರದಾರ. ಮ್ಯಾಲಿಂದು ಮದ್ರಾಸ್ ತಾರಸಿ. ಸಣ್ಣ ಇಟ್ಟಂಗಿ ಓರೆಯಾಗಿ ನಿಲ್ಲಿಸಿ, ಮ್ಯಾಲೆ ಗಾರಿ ಬಡಿತಾರಲ್ಲ, ಅದು. ಅಷ್ಟೂ ಭಾರ ಹೊರೋದು ತೊಲಿ. ಬರ್ಮಾ ತೇಗ ಸರ್! ಹಡಗಿನಾಗ ಮದ್ರಾಸಿಗೆ ಬಂದು, ಅಲ್ಲಿಂದ ಬಂಡಿ ಮ್ಯಾಲೆ ಬಂದದ್ದು. ರೈಲು ಇನ್ನೂ ಬಂದಿರಲಿಲ್ಲ."

"ಎತ್ತುಗಳ ಗತಿ!" ಅಂದ ಅಂಜಿನಿ.

ಹೆಡ್ ಕಾನ್‌ಸ್ಟೇಬಲ್ ಅಂಜಿನಿಗೆ ಯಾವ ಸಾವು ನೋವಿನ ನಡುವೆಯೂ ಎತ್ತು, ಎಮ್ಮೆ, ಊಟ ಇವುಗಳ ಕಡೆಗೇ ಗಮನ. ಹಾಗಾಗಿಯೇ ಅವನು ಇನ್ನೂ ಗುಂಡಗೆ ಇದ್ದ, ಕೊಟ್ರಬಸಪ್ಪ ಒಣಗಿದ್ದರು.

ಊರ ಜನ ಇದನ್ನು ಕಂಪನಿ ಕಚೇರಿ ಅಂತಲೇ ಕರೆಯುವುದು. ಕಂಪನಿ ಹೋಯಿತು, ರಾಣಿ ಹೋದಳು, ಮದ್ರಾಸ್ ಹೋಯಿತು. ಐವತ್ಮೂರರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದ ದಿನ ಬಾಗಿಲ ಮೇಲಿನ ಬೋರ್ಡು ಬದಲಾಯಿತು. ಹಳೇ ಬೋರ್ಡನ್ನು ಕಿತ್ತವರಿಲ್ಲ, ಅದರ ಮೇಲೇ ಬಣ್ಣ ಬಳಿದರು. ಈಗಲೂ ಬಿಸಿಲು ಓರೆಯಾಗಿ ಬಿದ್ದಾಗ ಕನ್ನಡದ ಹಿಂದೆ ತೆಲುಗು, ತೆಲುಗಿನ ಹಿಂದೆ ಇಂಗ್ಲಿಷು ಉಬ್ಬಿಕೊಂಡು ಕಾಣುತ್ತದೆ. ಮುಂದಿನ ದೊಡ್ಡ ಹಾಲ್‌ನಲ್ಲಿ ಸಿರುಗುಪ್ಪ, ಕುರುಗೋಡು ಕಡೆಯ ರೈತರು ಸಾಲಾಗಿ ನಿಂತು ಕಂದಾಯ ಕಟ್ಟುತ್ತಿದ್ದರಂತೆ. ಅವರು ಒರಗಿ ಒರಗಿ ಕಂಬದ ಗಾರೆ ಕನ್ನಡಿಯಂತೆ ನುಣುಪಾಗಿದೆ. ಸರ್ಕಾರದ ಕೆಲಸಕ್ಕೆ ಕಾಯುವುದು ಈ ಊರಿಗೆ ಹೊಸದಲ್ಲ.

"ಅಷ್ಟು ಹಳೇ ತೊಲಿ ತುದಿಗೆ ಇಷ್ಟು ಹೊಸಾ ಅರಿಶಿಣ ಹೆಂಗ ಬಂತು?" ಕೊಟ್ರಬಸಪ್ಪ ಕೇಳಿದರು.

ಸೌಂದರ್ಯ ಗಂಟು ನೋಡಿದಳು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಮುರಿದ ತೊಲೆಯ ಹತ್ತಿರ ಹೋಗಿ ಕೂತಳು. ಹೊರಗೆಲ್ಲ ಕರೀ ಬಣ್ಣ. ಬೀಗದ ಕೈಯಿಂದ ಮುರಿದ ಜಾಗದಲ್ಲಿ ಕೆರೆದಳು. ಒಳಗೆ ಬೆಳ್ಳಗೆ, ನಾರು ನಾರು.

"ಇದು ತೇಗ ಅಲ್ಲ ಸರ್," ಎಂದಳು. "ಇದು ನೀಲಗಿರಿ."

ಕೊಟ್ರಬಸಪ್ಪ ಬಗ್ಗಿ ಆ ನಾರು ಮುಟ್ಟಿ ನೋಡಿದರು.

"ಎರಡು ವರ್ಷದ ಹಿಂದ ಈ ಕೋಣಿ ಸೋರತೈತಿ ಅಂತ ರಿಪೇರಿ ಆಗೈತಿ. ಸಿರುಗುಪ್ಪದ ಕಂಟ್ರಾಕ್ಟರ್ ಚನ್ನಬಸವರಾಜ ಮಾಡಿದ್ದು. ಆಗ ನಾನಿನ್ನೂ ಇಲ್ಲಿಗೆ ಬಂದಿರಲಿಲ್ಲ. ಕೆಲಸ ಮುಗಿಸಿ ಕೆಳಗ ಫಾಲ್ಸ್ ಸೀಲಿಂಗ್ ಹೊಡದಾರ, ಕಚೇರಿ ತುಂಬಾ. ನಾನು ಕೆಳಗ ನೋಡಿದೆ, ಮ್ಯಾಲೆ ಹತ್ತಿ ನೋಡಿದೆ. ಆ ಸೀಲಿಂಗ್ ಬಿಚ್ಚಿಸಿ ನೋಡಲಿಲ್ಲ." ಎದ್ದು ನಿಂತು ಕೈ ಒರೆಸಿಕೊಂಡಳು. "ಅದು ನನ್ನ ತಪ್ಪ ಸರ್. ಆದ್ರ ಕಟ್ಟಡದ್ದು ತಪ್ಪಿಲ್ಲ."

"ಮಧ್ಯಾಹ್ನ ಬೆಂಗಳೂರಿಂದ ಕಮಿಟಿ ಬರತೈತಲ್ಲ?"

"ಬರತೈತಿ. ಮುದಿ ಕಟ್ಟಡ, ಕೆಡವಿಬಿಡ್ರಿ ಅಂತ ಬರಕೊಂಡೇ ಬರ್ತಾರ. ಕೆಡವಿದ್ರ ನಾ ಸುಳ್ಳು ಸಹಿ ಮಾಡಿದ್ದು ಖರೇ ಆದಂಗ. ಅದಕ್ಕ ದೊಡ್ಡ ಹಾಲ್ ಮ್ಯಾಲೆ ಮರಳಿನ ಚೀಲ ಏರಿಸಿ ತೋರಿಸ್ತೀನಿ ಅಂದೀನಿ. ಅಷ್ಟು ಭಾರ ಇಟ್ಟು, ಸೀಲಿಂಗಿಗೆ ಒಂದು ತೂತು ಹಾಕಿ, ಕೆಳಗ ನಿಂತು ತೊಲಿ ಎಷ್ಟು ಬಗ್ಗತೈತಿ ಅಂತ ಅಳತಿ ಮುಳ್ಳಿನಾಗ ಅಳೆಯೋದು. ಬಗ್ಗಲಿಲ್ಲ ಅಂದ್ರ ಕಟ್ಟಡಾನೂ ಉಳಿತೈತಿ, ನಾನೂ ಉಳಿತೀನಿ." ನಗಲು ನೋಡಿದಳು. "ಅಮ್ಮಗ ಇನ್ನೂ ಹೇಳಿಲ್ಲ. ನಾನು ಆಫೀಸಿಗೆ ಹೋಗೀನಿ ಅಂತ ಪಾರ್ವತಿನಗರದ ಮನ್ಯಾಗ ಆರಾಮಿದ್ದಾಳ."

"ನಾ ಫೋನ್ ಮಾಡೋತನಕ ಚೀಲ ಏರಿಸಬ್ಯಾಡ."

"ಆಯ್ತು ಸರ್."

ಅಂಜಿನಿ ಗಂಟಿನೊಳಗೆ ಬೆರಳಾಡಿಸಿ ಇನ್ನೇನೋ ತೆಗೆದ. ಉಜ್ಜುಗೊರಡಿನಿಂದ ಬಂದ ಕಟ್ಟಿಗೆಯ ಸುರುಳಿ, ಉಂಗುರದಂತೆ ಸುತ್ತಿದ್ದು.

"ಸಾರ್, ಇದು ಯಾರ ಕೆಲಸ ಗೊತ್ತೇನ್ರಿ? ಕುರುಗೋಡಿನಾಗ ನಮ್ಮ ಮಾವನ ಮನಿ ಕಟ್ಟುವಾಗ ನೋಡೀನಿ. ತೊಲಿ ಉಜ್ಜಿದಾಗ ಬಂದ ಮೊದಲನೇ ಸುರುಳಿ ಗಂಟಿನಾಗ ಇಡ್ತಾನ. ಬ್ಯಾರೆ ಯಾವ ಬಡಿಗೇರನೂ ಹಂಗ ಇಡೋದಿಲ್ಲ. ಮೌನೇಶಾಚಾರಿ ಒಬ್ಬನ."

"ನಿಮ್ಮ ಮಾವನ ಮನಿ ನಿಂತೈತೇನ್ ಇನ್ನೂ?"

"ಮನಿ ನಿಂತೈತ್ರಿ. ಮಾವ ಬಿದ್ದಾನ."

*

ಕುರುಗೋಡಿನ ಗುಡ್ಡದ ಬುಡದಲ್ಲಿ, ತಗಡಿನ ಚಪ್ಪರದ ಕೆಳಗೆ ಮೌನೇಶಾಚಾರಿ ಬಾಗಿಲ ಚೌಕಟ್ಟಿಗೆ ಉಳಿ ಹೊಡೆಯುತ್ತಿದ್ದ. ಜೀಪು ನೋಡಿದ. ಉಳಿ ನಿಲ್ಲಿಸಲಿಲ್ಲ.

"ಬರ್ರಿ ಸಾಹೇಬ್ರ, ಕುಂದರ್ರಿ. ಏ, ಚಾ ಹೇಳ್ರೆಪ್ಪಾ."

ಕೊಟ್ರಬಸಪ್ಪ ಕೂತರು. ಕೂತ ಮೇಲೆ ಮತ್ತೆ ಏಳುವುದು ಬೇಡ ಅನ್ನಿಸುವಂಥ ಕಟ್ಟೆ ಅದು. ಗಂಟನ್ನು ತೆಗೆದು ಹಲಗೆಯ ಮೇಲಿಟ್ಟರು.

ಉಳಿ ನಿಂತಿತು.

"ಇದು ನಿಮ್ದಲ್ಲೇನ್ರಿ ಆಚಾರ್ರ?"

"ಯಾರ್ದಾರ ಇರಬಹುದಲ್ರಿ. ತೊಲಿ ಏರಿಸೋವಾಗ ಎಲ್ಲಾರೂ ಕಟ್ತಾರ."

"ಸುರುಳಿ?"

ಆಚಾರಿ ಗಂಟಿನ ಕಡೆ ನೋಡಲಿಲ್ಲ. ತನ್ನ ಕೈ ನೋಡಿಕೊಂಡ. ಒಳ್ಳೆಯ ಕೈ. ಬೆರಳಿನ ಗೆಣ್ಣುಗಳಲ್ಲಿ ಹೊಟ್ಟು ಸೇರಿ ಚರ್ಮವೇ ಕಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ಆ ಗುಮಾಸ್ತ ಬದುಕತಾನೇನ್ರಿ?" ಎಂದ.

"ಗೊತ್ತಿಲ್ಲ."

"ಸೋಮವಾರದಿಂದ ಕೂಳು ಇಳಿದಿಲ್ರಿ ನನಗ."

"ಅವಂಗೂ ಇಳಿದಿಲ್ಲ. ಮೂಗಿನಾಗ ಕೊಳವೆ ಹಾಕ್ಯಾರ." ಕೊಟ್ರಬಸಪ್ಪ ಧ್ವನಿ ಏರಿಸಲಿಲ್ಲ. ಧ್ವನಿ ಏರಿಸುವಷ್ಟು ಶಕ್ತಿ ಇದ್ದರೆ ಅದು ಸಿರುಗುಪ್ಪದ ಕಂಟ್ರಾಕ್ಟರನಿಗೆ ಬೇಕಾಗಬಹುದು. "ಒಂದ ಮಾತು ನನಗ ತಿಳಿವಲ್ದು ಆಚಾರ್ರ. ಕದ್ದುಮುಚ್ಚಿ ಮಾಡೋ ಕೆಲಸ. ತೇಗ ಇಳಿಸಿ ನೀಲಗಿರಿ ಏರಿಸಿ, ಕರೀ ಬಣ್ಣ ಬಳಿದು, ಯಾರಿಗೂ ಗೊತ್ತಾಗದಂಗ ಮುಚ್ಚಿದ್ರಿ. ಅದಕ್ಕ ಪೂಜಿ ಯಾಕ ಮಾಡಿದ್ರಿ? ಈ ಗಂಟು ಇಲ್ದಿದ್ರ ನಾವು ಇಲ್ಲಿಗೆ ಬರ್ತಿದ್ದಿಲ್ಲ."

ಆಚಾರಿಗೆ ಸಿಟ್ಟು ಬಂತು. ಕಳ್ಳ ಅಂದಿದ್ದಕ್ಕಲ್ಲ.

"ಏನ್ ಮಾತ್ರಿ ಇದು! ಕಳವು ನಿಮಗ, ನನಗ. ತೊಲಿಗೆ ಏನ್ ಗೊತ್ತು? ಅದರ ಕೆಳಗ ಮಂದಿ ಕುಂದ್ರತಾರ, ಹೋಗ್ತಾರ, ಬರ್ತಾರ. ಪೂಜಿ ಇಲ್ದ ತೊಲಿ ಏರಿಸಿದ್ರ ಕೆಳಗ ಕುಂತವರಿಗೆ ಆಗಿಬರೂದಿಲ್ಲ ಅಂತ ನಮ್ಮಪ್ಪ ಹೇಳ್ತಿದ್ದ. ಅವರಪ್ಪ ಹೇಳ್ತಿದ್ದ. ಹಂಗ ಏರಿಸಂದ್ರ ಈ ಕೈ ಮ್ಯಾಲೆ ಏಳೂದ ಇಲ್ಲ!"

"ಪೂಜಿ ಮಾಡಿದ್ರೂ ಬಿತ್ತಲ್ಲ."

ಚಾ ಬಂತು. ಯಾರೂ ಮುಟ್ಟಲಿಲ್ಲ, ಅಂಜಿನಿ ಬಿಟ್ಟು.

ಆಮೇಲೆ ಆಚಾರಿ ಹೇಳಿದ. ಚನ್ನಬಸವರಾಜ ಬಂದು, ತೊಲೆ ಗೆದ್ದಲು ತಿಂದಿದೆ, ಇಳಿಸಿ ಬೇರೆ ಹಾಕಬೇಕು, ಭಾನುವಾರ ಕಚೇರಿ ಮುಚ್ಚಿದಾಗಲೇ ಆಗಬೇಕು ಅಂದಿದ್ದ. ಆಚಾರಿ ಏರಿ ಉಳಿ ಊರಿ ನೋಡಿದ.

"ಉಳಿ ಇಳೀಲಿಲ್ರಿ. ಠಣ್ ಅಂತು. ಕಬ್ಬಿಣ ಇದ್ದಂಗಿತ್ತು. ಹಂಗಾ ತೇಗ ನಾ ಹುಟ್ಟಿದಾಗಿಂದ ನೋಡಿಲ್ಲ. ಕೆರದ್ರ ಎಣ್ಣಿ ವಾಸನಿ ಬರಾಕ ಹತ್ತಿತ್ತು, ಅಷ್ಟು ವರ್ಷ ಆದ ಮ್ಯಾಲೂ. ಆಗಲೇ ಗೊತ್ತಾತು ನನಗ, ಇದು ರಿಪೇರಿ ಅಲ್ಲ ಅಂತ. ಆಗಲೇ ಇಳಿದು ಮನಿಗೆ ಬರಬೇಕಾಗಿತ್ತು."

"ಯಾಕ ಬರಲಿಲ್ಲ?"

"ಇಳಿಸಿ ಹತ್ತಿರದಿಂದ ನೋಡೂಣು ಅನ್ನಿಸ್ತರಿ ಆ ಕಟ್ಟಿಗಿನ. ಬಡಿಗೇರ ಬುದ್ಧಿ."

ಇದನ್ನು ಹೇಳಿ ಅವನು ಮುಖ ಒರೆಸಿಕೊಂಡ. ಎಷ್ಟೋ ಜನ ಎಷ್ಟೋ ಕಾರಣ ಹೇಳಿದ್ದನ್ನು ಕೊಟ್ರಬಸಪ್ಪ ಕೇಳಿದ್ದರು. ಇದನ್ನು ಕೇಳಿರಲಿಲ್ಲ. ನಂಬಿದರು. ಅಲ್ಲೇ ಎಡವಿದ್ದು. ಒಂದು ಮಾತು ನಂಬುವಂತಿದ್ದರೆ ಅದರ ಪಕ್ಕದ ಮಾತನ್ನೂ ಮನುಷ್ಯ ಹಾಗೇ ನುಂಗಿಬಿಡುತ್ತಾನೆ.

"ತೇಗ ಎಲ್ಲಿ ಹೋತು?"

"ಸಿರುಗುಪ್ಪಕ್ಕ. ಅವನ ಹೊಸಾ ಮನಿಗೆ."

"ಕಚೇರಿ ಬಾಗಿಲು ತೆಗೆದವರು ಯಾರು?"

ಆಚಾರಿ ಉಳಿ ಕೆಳಗಿಟ್ಟ. "ಅವನ ರಿ. ಆಸ್ಪತ್ರ್ಯಾಗ ಮಲಗಿದಾನಲ್ಲ, ಗಾದೆಪ್ಪ. ಮಗಳಿಗೆ ಎಲ್ಲೋ ಕೆಲಸ ಕೊಡಿಸ್ತೀನಿ ಅಂತ ಕಂಟ್ರಾಕ್ಟರ್ ಆಸಿ ಹಚ್ಚಿದ್ದ."

ಅಂಜಿನಿ ಚಾ ಲೋಟ ಕೆಳಗಿಟ್ಟ. ಗಾದೆಪ್ಪ ತಾನೇ ಬಾಗಿಲು ತೆಗೆದು ಒಳಗೆ ಬಿಟ್ಟ ತೊಲೆಯ ಕೆಳಗೇ ಎರಡು ವರ್ಷ ಕೂತು ಕೆಲಸ ಮಾಡಿದ್ದ.

"ಎಷ್ಟು ತೊಲಿ?" ಕೊಟ್ರಬಸಪ್ಪ ಕೇಳಿದರು.

ಆಚಾರಿ ಚೌಕಟ್ಟಿನ ಮೇಲಿನ ಹೊಟ್ಟನ್ನು ಊದಿದ. "ಒಂದ ರಿ. ಬಿದ್ದದ್ದು."

"ನೀವು ಹೇಳಿದ್ದು ಕೋರ್ಟಿನಾಗ ನಿಲ್ಲಬೇಕು ಆಚಾರ್ರ. ಕಂಟ್ರಾಕ್ಟರ್ ಇಲ್ಲ ಅಂತಾನ. ಗಾದೆಪ್ಪಗ ಮಾತಿಲ್ಲ. ಮತ್ಯಾರು ನೋಡ್ಯಾರ?"

"ಗಾದೆಪ್ಪನ ಹೆಂಡ್ತಿ ಎರ್ರಮ್ಮ ಇದ್ಲರಿ. ಗಂಟು ನಾವು ಕಟ್ಟಂಗಿಲ್ಲ, ಮುತ್ತೈದಿ ಕಟ್ಟಬೇಕು. ಆಕಿನ ಕೇಳ್ರಿ. ಪಾಪ, ಆಕಿಗೆ ಏನೂ ಗೊತ್ತಿಲ್ಲ. ಗಂಡನ ಆಫೀಸ್ ರಿಪೇರಿ ಅಂತ ಬಂದಿದ್ಲು."

ಜೀಪು ಹತ್ತುವಾಗ ಫೋನ್ ಬಂತು. ಸೌಂದರ್ಯ.

"ಸರ್, ಕಮಿಟಿಯವರು ಬಂದ್ರು. ಮಳಿ ಮೋಡ ಆಗೈತಿ, ತಡ ಮಾಡಿದ್ರ ಹಂಗ ಹೊಂಟು ಹೋಗ್ತೀವಿ ಅನ್ನಾಕ ಹತ್ಯಾರ. ಏನಾತು ಅಲ್ಲಿ?"

"ಸಿಕ್ತಮ್ಮಾ. ಬಡಿಗೇರ ಒಪ್ಪಿಕೊಂಡಾನ. ಕದ್ದದ್ದು ಒಂದ ತೊಲಿ, ಅದೂ ಬಿದ್ದು ಹೋಗೇತಿ. ನಿನ್ನ ಹೆಸರು ಇದರಾಗಿಂದ ಹೊರಗ ಬರತೈತಿ."

ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಮೂಗು ಒರೆಸಿದ ಸದ್ದು.

"ಹಂಗಾದ್ರ ಚೀಲ ಏರಿಸಲೇನ್ ಸರ್?"

"ಏರಿಸು."

*

ಸಿರುಗುಪ್ಪದ ದಾರಿಯ ಎರಡೂ ಕಡೆ ಭತ್ತ. ಗಾಳಿಯಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ವಾಸನೆ. ಕೊಟ್ರಬಸಪ್ಪ ಕಣ್ಣು ಮುಚ್ಚಿದರು; ಅಂಜಿನಿ ತನ್ನ ಮಾವ ಬಿದ್ದದ್ದು ಹೇಗೆ ಎಂದು ಹೇಳುತ್ತಲೇ ಇದ್ದ. ಹೆಂಡ ಕುಡಿದು ಅಂತ ಅತ್ತೆ ಅನ್ನುತ್ತಾಳೆ, ಮೆಟ್ಟಿಲು ಜಾರಿ ಅಂತ ಮಾವ ಅನ್ನುತ್ತಾನೆ, ಮೆಟ್ಟಿಲೇ ಇಲ್ಲದ ಮನೆ ಅದು.

ಎರ್ರಮ್ಮ ಆಸ್ಪತ್ರೆಯಿಂದ ಬಸ್ಸು ಹಿಡಿದು ಆ ದಾರಿಯಲ್ಲೇ ಇದ್ದ ತನ್ನ ಊರಿಗೆ ಬಂದಿದ್ದಳು. ದಿಂಬು, ಚಾದರ, ಗಂಡನ ಎರಡು ಲುಂಗಿ ಕಟ್ಟಿಕೊಂಡು ಮತ್ತೆ ಹೊರಡುವ ಅವಸರದಲ್ಲಿದ್ದಳು. ಪೊಲೀಸರನ್ನು ಕಂಡದ್ದೇ ಸೊಂಟಕ್ಕೆ ಸೆರಗು ಬಿಗಿದಳು.

"ಆ ಇಂಜಿನಿಯರಮ್ಮನ್ನ ಒಳಗ ಹಾಕಿದ್ರೇನ್ರಿ?"

"ಕುಂದ್ರವ್ವಾ."

"ಕುಂದರಾಕ ಎಲ್ಲಿ ಪುರುಸೊತ್ತು? ಬಸ್ಸು ಹೋಗತೈತಿ. ಓದಿದವಳಂತ, ಸಹಿ ಮಾಡಿದ್ಲಂತ, ಗಟ್ಟಿ ಐತಂತ! ಬಂದು ನೋಡಲಿ ನನ್ನ ಗಂಡ ಹೆಂಗ ಗಟ್ಟಿ ಅದಾನ ಅಂತ!"

ಕೊಟ್ರಬಸಪ್ಪ ಅವಳ ಮಾತು ಮುಗಿಯುವ ತನಕ ನಿಂತರು. ಈ ಕೆಲಸದಲ್ಲಿ ಅವರಿಗೆ ಬೇಡವೇ ಬೇಡವಾದ ಗಳಿಗೆ ಇದು. ಗಂಡ ಸಾಯುವ ಹಾಗಿರುವಾಗ, ಅವನೂ ಕಳ್ಳರ ಜೊತೆಗಿದ್ದ ಅನ್ನುವುದನ್ನು ಹೆಂಡತಿಯ ಬಾಯಿಂದಲೇ ಹೇಳಿಸಬೇಕು. ಹೇಳಿಸದಿದ್ದರೆ ಇನ್ನೊಬ್ಬರ ಮಗಳು ಜೈಲಿಗೆ ಹೋಗಬೇಕು.

"ಎರ್ರಮ್ಮ, ಕಚೇರಿ ತೊಲಿ ಬದಲು ಮಾಡುವಾಗ ನೀ ಅಲ್ಲಿ ಇದ್ದೀ?"

"ಇದ್ದೆ. ಅದರಾಗೇನ್ ಬಂತು? ಮುತ್ತೈದಿ ಬೇಕು ಬಾ ಅಂದ್ರು. ಹೋದೆ. ಕುಂಕುಮ ಹಚ್ಚಿ, ಗಂಟು ಕಟ್ಟಿ, ಕಾಯಿ ಒಡಿಸಿ ಬಂದೆ."

"ಮತ್ಯಾರಿದ್ರು?"

"ಇವರು, ಆಚಾರಿ, ಸಿರುಗುಪ್ಪದ ಕಂಟ್ರಾಕ್ಟರ್. ಕೆಲಸಗಾರರು."

ಅಂಜಿನಿ ಉಸಿರುಬಿಟ್ಟ. ಸಾಕ್ಷಿ ಸಿಕ್ಕಿತು. ಕೊಟ್ರಬಸಪ್ಪ ಜೇಬಿನಿಂದ ಗಂಟು ತೆಗೆದು ಅವಳ ಕೈಗೆ ಕೊಟ್ಟರು. ವಾಡಿಕೆಗೆ, ಗುರುತು ಹಿಡಿಸಬೇಕಲ್ಲ ಅಂತ.

ಎರ್ರಮ್ಮ ತಿರುವಿ ಮುರುವಿ ನೋಡಿದಳು. ವಾಪಸ್ ಕೊಟ್ಟಳು.

"ಇದು ನಾ ಕಟ್ಟಿದ್ದಲ್ಲ."

"ಸರಿಯಾಗಿ ನೋಡವ್ವಾ. ಎರಡು ವರ್ಷ ಆಗೇತಿ."

"ನೋಡೂದೇನೈತ್ರಿ? ಇದು ಅಂಗಡಿ ಹಳದಿ ಬಟ್ಟಿ. ಅವತ್ತು ಹಳದಿ ಬಟ್ಟಿ ತರಾಕ ಮರ್ತಿದ್ರು. ಇವರು ನನ್ನ ಮಾರಿ ನೋಡಿದ್ರು, ನಾ ಉಟ್ಟಿದ್ದ ಹಸಿರು ಸೀರಿ ಸೆರಗಿನ ಚುಂಗು ಹರಿದು ಕಟ್ಟಿದೆ. ಅವ್ವ ಕೊಟ್ಟ ಸೀರಿ. ಇನ್ನೂ ಬೈತೀನಿ ಅದಕ್ಕ ಇವರಿಗೆ."

"ಮತ್ತ ಈ ಹಳದೀದು?"

"ಅದು ಹಿಂದಿನ ಭಾನುವಾರದ್ದಿರಬೇಕು. ಸಣ್ಣ ಕೋಣೀದು, ಈಗ ಬಿತ್ತಲ್ಲ, ಅದರದು. ಅವತ್ತು ಆಚಾರಿ ಹೆಂಡ್ತಿನ ಬಂದಿದ್ಲಂತ. ಮುಂದಿನ ವಾರ ಆಕಿ ಮುಟ್ಟಾಗಿದ್ಲು, ಪೂಜಿ ಮಾಡಂಗಿರಲಿಲ್ಲ, ಅದಕ್ಕ ನನ್ನ ಕರಕೊಂಡು ಹೋದ್ರು."

ಕೊಟ್ರಬಸಪ್ಪ ಗಂಟನ್ನು ಜೇಬಿಗೆ ತುರುಕಿದರು.

"ನೀ ಗಂಟು ಕಟ್ಟಿದ್ದು ಎಲ್ಲಿ?"

"ಮುಂದಿನ ದೊಡ್ಡ ಹಾಲಿನಾಗ್ರಿ," ಎಂದಳು ಎರ್ರಮ್ಮ, ದಿಂಬಿಗೆ ಹಗ್ಗ ಬಿಗಿಯುತ್ತ. "ನಟ್ಟನಡುವಿನ ತೊಲಿ. ಏಣಿ ಹತ್ತಿ ಕಾಲು ನಡುಗಿತ್ತು ನನಗ, ಅಷ್ಟು ಎತ್ತರ."

ಅಂಜಿನಿ ಆಗಲೇ ಫೋನ್ ಒತ್ತುತ್ತಿದ್ದ. ಕೊಟ್ರಬಸಪ್ಪ ಅವನ ಕೈಯಿಂದ ಕಸಿದುಕೊಂಡರು. ರಿಂಗಾಯಿತು. ಮತ್ತೆ ರಿಂಗಾಯಿತು. ಅಂಗಳದಲ್ಲಿ ಯಾರದೋ ಕೋಳಿ ಕೂಗಿ ಕೂಗಿ ತಲೆ ತಿನ್ನುತ್ತಿತ್ತು.

"ಹಲೋ ಸರ್!" ಸೌಂದರ್ಯಳ ದನಿ. ಇಷ್ಟು ದಿನದಲ್ಲಿ ಅವಳು ಇಷ್ಟು ಹಗುರಾಗಿ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. "ನಿಮಗ ಫೋನ್ ಮಾಡೋಣಂತಿದ್ದೆ. ಮುಕ್ಕಾಲು ಪಾಲು ಚೀಲ ಏರ್ಯಾವ. ಕಮಿಟಿಯವರು ಬಾಯಿ ಮುಚ್ಚಿಕೊಂಡು ನಿಂತಾರ."

"ಎಲ್ಲಿ ನಿಂತೀಯಮ್ಮಾ ನೀನು?"

"ಹಾಲಿನ ನಡುವ ಸರ್. ತೊಲಿ ಕೆಳಗ. ಅಳತಿ ಮುಳ್ಳು ನಾನ ನೋಡಬೇಕಲ್ಲ."

"ಹೊರಗ ಬಾ. ಈಗಿಂದೀಗ. ಎಲ್ಲಾರನ್ನೂ ಕರಕೊಂಡು ಹೊರಗ ಬಾ. ಅದೂ ನೀಲಗಿರಿ ಸೌಂದರ್ಯಾ, ಅದೂ..."

"ಸರ್, ಏನಂದ್ರಿ? ಒಂದು ನಿಮಿಷ, ಇಲ್ಲಿ ಏನೋ..."

ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಿರಬೇಕು. ಆ ಎತ್ತರದ ಹಾಲಿನ ಗುಂಯ್ ಅನ್ನುವ ಖಾಲಿತನ ಕೇಳಿಸಿತು. ಮರಳೋ ಸುಣ್ಣವೋ ಸಣ್ಣಗೆ ಉದುರುವ ಸದ್ದು, ಅದರ ಹಿಂದೆ ಕಟ್ಟಿಗೆಯ ನಾರು ಸೀಳುವ ಸದ್ದು. ಆಮೇಲೆ ಅವಳು ಬೇರೆ ಯಾರಿಗೋ, ತುಂಬ ಮೆಲ್ಲಗೆ, ಮಲಗಿದ ಕೂಸಿನ ಪಕ್ಕ ಮಾತಾಡುವವರ ಹಾಗೆ ಹೇಳಿದಳು:

"ಮ್ಯಾಲಿದ್ದವರು ಚೀಲ ನಿಲ್ಲಿಸ್ರಿ. ಯಾರೂ ಓಡಬ್ಯಾಡ್ರಿ."

ಫೋನು ಕಟ್ ಆಗಲಿಲ್ಲ. ಆ ಕಡೆಯಿಂದ ಇನ್ನು ಯಾರೂ ಮಾತಾಡಲಿಲ್ಲ, ಅಷ್ಟೇ.